ಬಂದೂಕಿಗೆ ಹಿಡಿದ ಜಂಗು

ತೇವವೆಂದರೇನೆಂಬುದನ್ನು ಬ್ಯಾಡಗಿಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಪೇಟೆಗೆ ಬಂದ ಮೆಣಸಿನಕಾಯಿಯನ್ನು ಇಲ್ಲಿಯ ವರ್ತಕ ಮೊದಲು ಕಣ್ಣಿನಿಂದ ನೋಡುತ್ತಾನೆ. ಬಳಿಕ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲುಗಿಸುತ್ತಾನೆ. ಒಳಗಿನ ಬೀಜ ಗಲಗಲ ಎಂದರೆ ಮಾಲು ಒಣಗಿದೆ. ಸದ್ದು ಮಂದವಾಗಿದ್ದರೆ ತೇವ ಉಳಿದಿದೆ. ಚೀಲ ತುಂಬಿಟ್ಟರೆ ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಊರು ನಿಂತಿರುವುದೇ ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ. ಆಷಾಢದಲ್ಲಿ ಪಡುವಣ ಗಾಳಿ ಬೀಸತೊಡಗಿತೆಂದರೆ ಹಾನಗಲ್ಲ ಸೀಮೆಯ ಜಡಿಮಳೆಯ ತುಂತುರು ಇಲ್ಲಿಯವರೆಗೂ ಬರುತ್ತದೆ. ಆಗ ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ, ಪೆಟ್ಟಿಗೆಯ ಕೀಲಿ ತಿರುಗುವುದಿಲ್ಲ, ಮೂಲೆಯಲ್ಲಿ ನಿಲ್ಲಿಸಿದ ಕುಡ ಕೆಂಪಗಾಗುತ್ತದೆ.

ಇದೇ ಸೀಮೆಯ ಕೆಲವು ಮನೆಗಳಲ್ಲಿ ಒಂದೊಂದು ಬಂದೂಕೂ ಇದೆ. ಬಹುಮಟ್ಟಿಗೆ ಬೆಳೆ ರಕ್ಷಣೆಗೆಂದು ಪರವಾನಿಗೆ ಪಡೆದದ್ದು. ಗೋವಿನಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸುವುದಕ್ಕೆ. ಅದನ್ನು ಮನೆಯಲ್ಲಿ ತೇವ ತಾಗದಂತೆ, ಜಂಗು ಹಿಡಿಯದಂತೆ ಇಡುವುದು ಹೇಗೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಎಣ್ಣೆ-ಅರಿವೆಗಳ ಪ್ರಶ್ನೆ. (ನಮ್ಮ ಕಡೆ ತುಕ್ಕಿಗೆ ಜಂಗು ಎನ್ನುವುದೇ ರೂಢಿ. ಪಾರಸಿಯಿಂದ ಬಂದ ಮಾತು. ಬಹುಶಃ ದಂಡಿನವರ ಜೊತೆಯಲ್ಲೇ ಬಂದಿರಬೇಕು.) ಆದರೆ ಈ ಪ್ರಶ್ನೆಯ ಬೆನ್ನಿಗೆ ನೂರರವತ್ತು ವರುಷಗಳ ಇತಿಹಾಸವೊಂದು ಅಂಟಿಕೊಂಡಿದೆ. ಅದನ್ನು ನನಗೆ ತೋರಿಸಿಕೊಟ್ಟದ್ದು ಒಂದು ವಿಚಿತ್ರ ಸಂಗತಿ.

ಸಂಗತಿ ಇದು. ಹಾವೇರಿ ಜಿಲ್ಲೆಯ ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರು. ಮಡಿಕೇರಿಯಲ್ಲಿ ಅದು 3000 ಮಿಲಿಮೀಟರನ್ನು ಮೀರುತ್ತದೆ; ಭಾಗಮಂಡಲದ ಕಡೆ ಅದಕ್ಕೂ ಎಷ್ಟೋ ಹೆಚ್ಚು. ಜಂಗಿಗೆ ಮಳೆಯೊಂದೇ ಕಾರಣವಾಗಿದ್ದರೆ ಕೊಡಗಿನ ಹಳೆಯ ಕೋವಿಗಳು ಎಂದೋ ಮಣ್ಣಾಗಬೇಕಿತ್ತು, ನಮ್ಮ ಹಳೆಯ ಬಂದೂಕುಗಳು ಗೋಡೆಯ ಮೇಲೆ ಹೊಳೆಯುತ್ತಿರಬೇಕಿತ್ತು. ಆದದ್ದು ತಿರುಗುಮುರುಗು. ಕೊಡಗಿನ ಮನೆಗಳಲ್ಲಿ ಅಜ್ಜ-ಮುತ್ತಜ್ಜಂದಿರ ಕಾಲದ ಕೋವಿ ಇಂದಿಗೂ ಹಬ್ಬದ ದಿನ ಹೂ ಮುಡಿದು ನಿಲ್ಲುತ್ತದೆ. ನಮ್ಮ ಧಾರವಾಡ ಸೀಮೆಯ ಹಳೆಯ ವಾಡೆಗಳಲ್ಲಿ ಗೋಡೆ ಕೆಡವುವಾಗ, ಹಾಳುಬಾವಿಯ ಹೂಳು ತೆಗೆಯುವಾಗ ಎಂದಾದರೊಮ್ಮೆ ಸಿಕ್ಕಿತೆಂದರೆ ಸಿಗುವುದು ಕೈಯಿಟ್ಟರೆ ಪದರು ಪದರಾಗಿ ಉದುರುವ ಕೆಂಪು ಕೊಳವೆ. ಇದರ ಮರ್ಮವೇನು?

ಮೊದಲು ಜಂಗಿನ ವಿಚಾರವನ್ನೇ ಸ್ವಲ್ಪ ನೋಡೋಣ. ಕಬ್ಬಿಣ ಜಂಗು ಹಿಡಿಯಬೇಕಾದರೆ ನೀರೂ ಬೇಕು, ಗಾಳಿಯೂ ಬೇಕು. ಮಳೆ ನೇರವಾಗಿ ತಾಗಲೇಬೇಕೆಂದೇನೂ ಇಲ್ಲ. ಗಾಳಿಯಲ್ಲಿಯ ತೇವ ಶೇಕಡಾ 60-70ನ್ನು ದಾಟಿತೆಂದರೆ ಕಣ್ಣಿಗೆ ಕಾಣದ ನೀರಿನ ಪೊರೆ ಲೋಹದ ಮೇಲೆ ಕೂತುಬಿಡುತ್ತದೆ. ಬೆವರಿನ ಕೈಯಿಂದ ಉಪ್ಪು ಸೇರಿದರೆ ಅಷ್ಟೂ ತೇವ ಬೇಡ. ತಾಮ್ರದ ಮೇಲೆ ಕುಳಿತ ಕಿಲುಬು ಒಳಗಿನ ತಾಮ್ರವನ್ನು ಎಷ್ಟೋ ಮಟ್ಟಿಗೆ ಕಾಯುತ್ತದೆ. ಕಬ್ಬಿಣದ ಜಂಗು ಹಾಗಲ್ಲ. ಅದು ಉಬ್ಬಿ, ಬಿರಿದು, ಉದುರಿ, ಕೆಳಗಿನ ಹೊಸ ಕಬ್ಬಿಣಕ್ಕೆ ದಾರಿ ಮಾಡಿಕೊಡುತ್ತದೆ.

ಬಂದೂಕಿಗೆ ಇದರ ಮೇಲೆ ಇನ್ನೊಂದು ಶಾಪವಿದೆ. ಹಳೆಯ ಕಾಲದ ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸಾಮಾನ್ಯವಾಗಿ ನೂರಕ್ಕೆ 75, 15, 10ರ ಪಾಲು. ಸುಟ್ಟಾಗ ಇದರಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಹೊಗೆಯಾಗಿ ಹೋಗದೆ ಘನರೂಪದಲ್ಲಿ ಉಳಿಯುತ್ತದೆ, ನಳಿಗೆಯ ಒಳಮೈಗೆ ಮೆತ್ತಿಕೊಳ್ಳುತ್ತದೆ. ಈ ಮಸಿ ಗಾಳಿಯಿಂದ ನೀರನ್ನು ಹೀರುವ ಕ್ಷಾರ. ಮುಂದೆ ಕೇಪಿನ ಬಂದೂಕು ಬಂದಾಗ ಕೇಪಿನ ಮಸಾಲೆಯೂ ಉರಿದು ಉಪ್ಪಿನ ಜಾತಿಯ ಬೂದಿಯನ್ನೇ ಬಿಟ್ಟುಹೋಯಿತು. ಸಂಜೆ ಒಂದು ಈಡು ಹಾರಿಸಿ ಹಾಗೆಯೇ ಗೂಟಕ್ಕೆ ತೂಗಹಾಕಿದರೆ, ಮಳೆಗಾಲವಾಗಿದ್ದರೆ, ಬೆಳಗಾಗುವುದರೊಳಗೆ ಒಳಗೆ ಜಂಗು ಕಾಣಿಸಿಕೊಳ್ಳುವುದು. ಎಣ್ಣೆ ಈ ಉಪ್ಪನ್ನು ಕರಗಿಸುವುದಿಲ್ಲ, ಕರಗಿಸುವುದು ನೀರೇ. ಆದ್ದರಿಂದ ಹಳೆಯ ಸಿಪಾಯಿಗಳ ಕ್ರಮ ನಮಗೆ ವಿಚಿತ್ರವೆನಿಸಿದರೂ ಸರಿಯಾದದ್ದು: ಕಬ್ಬಿಣವನ್ನು ನೀರಿನಿಂದ ಕಾಯಬೇಕಾದರೆ ಮೊದಲು ನೀರಿನಿಂದಲೇ ತೊಳೆಯಬೇಕು. ಕುದಿಯುವ ನೀರು ಹೊಯ್ದು, ಗಜಕ್ಕೆ ಅರಿವೆ ಸುತ್ತಿ ಉಜ್ಜಿ, ನಳಿಗೆ ತನ್ನ ಕಾವಿಗೆ ತಾನೇ ಒಣಗುವಂತೆ ಬಿಟ್ಟು, ಆಮೇಲೆ ಎಣ್ಣೆ.

ಎಣ್ಣೆಯಲ್ಲಿಯೂ ಭೇದವಿದೆ. ಧಾರವಾಡ ಸೀಮೆಯ ಅಡಿಗೆಮನೆಯ ಎಣ್ಣೆ ಹಿಂದೆ ಕುಸುಬಿಯದು. ಅದು ತೆಳ್ಳಗೆ ಹರಡಿ ಕೆಲವು ದಿನ ಬಿಟ್ಟರೆ ಒಣಗಿ ವಾರ್ನೀಷಿನಂತೆ ಪೊರೆಗಟ್ಟುತ್ತದೆ. ಅಗಸೆಯ ಎಣ್ಣೆಯದೂ ಅದೇ ಗುಣ. ಮರದ ದಸ್ತಕ್ಕೆ ಇದು ಅಮೃತ. ಕುದುರೆ, ಕಮಾನುಗಳಿರುವ ಒಳಯಂತ್ರಕ್ಕೆ ಅಂಟು. ಮೇಲಿನ ಕಬ್ಬಿಣ ಬಹಳ ದಿನ ಹೊಳೆದಂತೆ ಕಂಡು, ಬೇಕಾದ ಹೊತ್ತಿಗೆ ಕುದುರೆ ಬೀಳದೆ ಕೈಕೊಟ್ಟ ಬಂದೂಕುಗಳಲ್ಲಿ ಹಲವು ಕುಸುಬಿ ಎಣ್ಣೆಯ ಬಲಿಗಳೇ ಇದ್ದಾವು. ಖನಿಜ ಎಣ್ಣೆ ಹಳ್ಳಿಗಳಿಗೆ ಬಂದ ಮೇಲೆ ಈ ತೊಂದರೆ ಕಡಿಮೆಯಾಯಿತು.

ಗಾಳಿಯಿಲ್ಲದೆ ತೇವವೊಂದೇ ಏನು ಮಾಡುತ್ತದೆ ಎಂಬುದಕ್ಕೂ ನಮ್ಮ ನೆರೆಯಲ್ಲಿಯೇ ಒಂದು ದೊಡ್ಡ ಸಾಕ್ಷಿಯಿದೆ. 2018ರ ಜುಲೈ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಕೆಳದಿ ಅರಸರ ಹಳೆಯ ಬಿದನೂರಿನಲ್ಲಿ, ಪುರಾತತ್ವ ಇಲಾಖೆಯವರು ಒಂದು ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಯುದ್ಧದ ರಾಕೆಟ್ಟುಗಳನ್ನು ಹೊರತೆಗೆದರು. ಒಂದೊಂದೂ ಗೇಣುದ್ದದ ಕಬ್ಬಿಣದ ಕೊಳವೆ, ಒಳಗೆ ಮದ್ದು. ಬಾವಿಯ ಕೆಸರಿಗೆ ಮದ್ದಿನ ವಾಸನೆ ಹೊಡೆಯುತ್ತಿದ್ದುದೇ ಅವರಿಗೆ ಸುಳಿವಾಯಿತಂತೆ. 2002ರಲ್ಲಿಯೂ ಅಲ್ಲಿಯೇ ನೂರಕ್ಕೆ ಮೇಲ್ಪಟ್ಟು ಸಿಕ್ಕಿದ್ದವು. ಹೈದರ್ ಅಲಿ ಬಿದನೂರನ್ನು ಗೆದ್ದದ್ದು 1763ರಲ್ಲಿ; ಈ ರಾಕೆಟ್ಟುಗಳು ಆತನ ಮಗ ಟಿಪ್ಪುವಿನ ಕಾಲದವೆಂದು ಇಲಾಖೆಯವರ ತೀರ್ಮಾನ. ಅಂತೂ ಎರಡು ನೂರು ವರ್ಷಗಳಿಗೂ ಮಿಕ್ಕಿ, ಘನಘೋರ ಮಳೆಯ ಊರಿನಲ್ಲಿ, ಬಾವಿಯ ತಳದಲ್ಲಿ ಕೂತಿದ್ದ ತೆಳ್ಳಗಿನ ಕಬ್ಬಿಣ. ಜಂಗು ಹಿಡಿದಿತ್ತು ನಿಜ, ಆದರೂ ಕೊಳವೆ ಕೊಳವೆಯಾಗಿಯೇ ಉಳಿದಿತ್ತು. ಕೆಸರು ಗಾಳಿಯನ್ನು ಒಳಗೆ ಬಿಡದಿದ್ದುದರ ಫಲ ಇದೆಂದು ನನ್ನ ಎಣಿಕೆ. ಅದೇ ಕೊಳವೆಗಳನ್ನು ಸೂರಿನ ಕೆಳಗೆ ಒಂದು ವರ್ಷ ನೆನೆಯಲೂ ಒಣಗಲೂ ಬಿಟ್ಟಿದ್ದರೆ ಕೆಟ್ಟುಹೋಗುವುದು ಎಷ್ಟು ಹೊತ್ತಿನ ಮಾತು!

ನೆನೆದು ಒಣಗಿ, ಒಣಗಿ ನೆನೆದು ಸಾಯುವ ಈ ಸ್ಥಿತಿಯೇ ನಮ್ಮ ಸೀಮೆಯ ಬಂದೂಕುಗಳಿಗೆ ಬಂದದ್ದು. ತಂದದ್ದು ಮಾತ್ರ ಹವೆಯಲ್ಲ, ಒಂದು ಕಾಯಿದೆ.

1818ರಲ್ಲಿ ಪೇಶವೆಯವರ ಆಳಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷರ ಕೈಗೆ ಬಂದಾಗ ಇಲ್ಲಿ ಆಯುಧವಿಲ್ಲದ ದೊಡ್ಡ ಮನೆ ಇರಲಿಲ್ಲವೆಂದರೆ ತಪ್ಪಾಗದು. ದೇಸಾಯರ ವಾಡೆಗಳಲ್ಲಿ ಸರಿಯೇ ಸರಿ. ಊರೂರಿನಲ್ಲಿ ಶೇತಸನದಿಗಳೆಂಬವರಿದ್ದರು, ಸರ್ಕಾರದ ಚಾಕರಿಗಾಗಿ ಹೊಲ ಉಂಬಳಿ ಪಡೆದು, ಕರೆದಾಗ ಆಯುಧ ಹಿಡಿದು ಬರಬೇಕಾದವರು. ಬೇಡರ ಕುಲವೃತ್ತಿಯೇ ಬೇಟೆ ಮತ್ತು ಪಹರೆ. ಇಂಥವರ ಮನೆಯಲ್ಲಿ ಬಂದೂಕು ತೊಲೆಯ ಗೂಟದ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ ಇರುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಗಜ ಹಾಕಿ ಉಜ್ಜುವುದು, ಜಾಮಗಿಯ ಬತ್ತಿಯನ್ನು ಬಿಸಿಲಿಗೆ ಒಣಗಿಸುವುದು ಎಲ್ಲವೂ ನೇಗಿಲ ಕುಡ ಬಡಿಸಿ ತಂದಷ್ಟೇ ಸಹಜವಾದ ಮನೆಗೆಲಸ. ಮಹಾನವಮಿಯ ಖಂಡೇಪೂಜೆಗೆ ಅದು ಕೆಳಗಿಳಿಯುತ್ತಿತ್ತು, ಮತ್ತೆ ಏರುತ್ತಿತ್ತು.

1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಿತು. ಆ ಸೆಪ್ಟೆಂಬರಿನಲ್ಲಿ ಸರ್ಕಾರ ಹೊಸ ಕಾಯಿದೆ ಮಾಡಿ ಜನರ ಕೈಯಲ್ಲಿದ್ದ ಆಯುಧಗಳನ್ನು ತಂದೊಪ್ಪಿಸುವಂತೆ ಮಾಡುವ ಅಧಿಕಾರವನ್ನು ತೆಗೆದುಕೊಂಡಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಒಪ್ಪಿಸಲಾರೆವೆಂದರು. ಜಡಗ, ಬಾಲ, ಹನುಮ, ರಾಮ ಎಂಬ ಮುಂದಾಳುಗಳ ಹೆಸರುಗಳು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಹಿಡಿದವರಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿಯೇ 6 ಜನರನ್ನು. ಆ ಲಾವಣಿಯನ್ನು ಮುಂದೆ ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚು ಹಾಕಿಸಿದರು. ಇಂಗ್ಲಿಷ್ ಅಧಿಕಾರಿಯೊಬ್ಬ ತನ್ನ ಸರ್ಕಾರದ ಮೇಲಿನ ದೂರನ್ನು ಇಷ್ಟು ಶ್ರದ್ಧೆಯಿಂದ ಉಳಿಸಿಕೊಟ್ಟದ್ದು ಆಶ್ಚರ್ಯದ ಮಾತೇ.

ಮರುವರ್ಷ ಇತ್ತ ತುಂಗಭದ್ರೆಯ ದಡದಲ್ಲಿ ಇನ್ನೊಂದು ಪ್ರಕರಣ. ಮುಂಡರಗಿಯ ಭೀಮರಾಯರ ಬಂಡಾಯಕ್ಕೆ ಬೇಕಾದ ಶಸ್ತ್ರಾಸ್ತ್ರಗಳು ಹಮ್ಮಿಗಿಯ ಕೆಂಚನಗೌಡರ ಮನೆಯಲ್ಲಿ ಗುಪ್ತವಾಗಿ ಸಂಗ್ರಹವಾಗಿದ್ದವು. ಮನೆಯಲ್ಲಿ ಆಯುಧವಿಡುವುದು ಆ ಹೊತ್ತಿಗೆ ಎಂಥ ಅಪಾಯದ ಕೆಲಸವಾಗಿತ್ತೆಂದರೆ, ಸಂಗ್ರಹದ ಸುಳಿವು ಅಧಿಕಾರಿಗಳಿಗೆ ಹತ್ತಿದ್ದೇ ತಡ, ಕಾಯುತ್ತ ಕೂರುವ ಮಾತೇ ಉಳಿಯಲಿಲ್ಲ. 1858ರ ಮೇ ತಿಂಗಳಲ್ಲಿ ಭೀಮರಾಯರು ಡಂಬಳದ ಖಜಾನೆಯ ಮೇಲೆ ಬಿದ್ದರು. ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಅವರೂ ಕೆಂಚನಗೌಡರೂ ಮಡಿದರು. ಅದೇ ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನನ್ನು ಕೊಂದ ನರಗುಂದದ ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿ ಬಂದಿವೆ. ನನ್ನ ಕುತೂಹಲ ಪುಸ್ತಕಗಳಲ್ಲಿ ಬಾರದ ಮನೆಗಳ ಮೇಲೆ.

ದಂಗೆಯೇಳದ, ಗಲ್ಲಿಗೇರದ, ಆದರೆ ಅಜ್ಜನ ಬಂದೂಕನ್ನು ಚಾವಡಿಗೆ ಒಯ್ದು ಚೆಲ್ಲಲು ಮನಸ್ಸಾಗದ ಸಾವಿರಾರು ಮನೆಗಳು ಈ ಸೀಮೆಯಲ್ಲಿ ಇದ್ದಿರಲೇಬೇಕಷ್ಟೆ? ಅಂಥ ಮನೆಯ ಯಜಮಾನ ಏನು ಮಾಡಿಯಾನು? ಅಡಗಿಸಿಯಾನು. ಎಲ್ಲಿ? ಜೋಳ ತುಂಬುವ ಹಗೇವಿನಲ್ಲಿ, ಹುಲ್ಲಿನ ಬಣವೆಯಲ್ಲಿ, ಮಾಳಿಗೆಯ ಮಣ್ಣಿನ ಹೊದಿಕೆಯ ಕೆಳಗೆ, ಬಾವಿಯ ಕಲ್ಲುಸಂದಿನಲ್ಲಿ, ಎರಡು ಗೋಡೆ ಎಬ್ಬಿಸಿ ನಡುವೆ. ಒಂದೊಂದು ಜಾಗವನ್ನೂ ಜಂಗಿನ ದೃಷ್ಟಿಯಿಂದ ನೋಡಿರಿ. ಹಗೇವು ಕಾಳಿಗೆ ಉತ್ತಮ. ಸುತ್ತ ಹುಲ್ಲು ಹೊಟ್ಟು ಮೆತ್ತಿ ಬಾಯಿ ಮುಚ್ಚಿದರೆ ಜೋಳ ವರ್ಷಗಟ್ಟಲೆ ಇರುತ್ತದೆ. ಆದರೆ ಕಾಳೂ ಉಸಿರಾಡುತ್ತದೆ, ಆ ಬಿಸಿಯುಸಿರು ತಣ್ಣನೆಯ ಕಬ್ಬಿಣದ ಮೇಲೆ ಬೆವರಾಗಿ ಕೂರುತ್ತದೆ. ಹುಲ್ಲಿನ ಬಣವೆಯದಂತೂ ಕೇಳುವುದೇ ಬೇಡ. ಮಣ್ಣಿನ ಮಾಳಿಗೆ ಪ್ರತಿ ಮಳೆಗಾಲಕ್ಕೂ ನೆನೆಯುತ್ತದೆ, ಪ್ರತಿ ಬೇಸಿಗೆಗೂ ಬಿರಿಯುತ್ತದೆ. ಕಂಬಳಿಯಲ್ಲಿ ಸುತ್ತಿದ್ದರೆ ಉಣ್ಣೆ ತೇವವನ್ನು ಹೀರಿ ಹಿಡಿದಿಡುತ್ತದೆ. ಚರ್ಮದ ಚೀಲದಲ್ಲಿಟ್ಟಿದ್ದರೆ ಹದಮಾಡಿದ ಮದ್ದಿನ ಹುಳಿಯೂ ತೇವದ ಜೊತೆ ಸೇರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕೇಡು ಬೇರೆ. ಅಡಗಿಸಿದ್ದನ್ನು ಹೊರಗೆ ತೆಗೆಯುವಂತಿಲ್ಲ. ಬಂದೂಕನ್ನು ಕಾಯುವುದು ಇಟ್ಟ ಜಾಗವಲ್ಲ, ಆಗಾಗ ಕೈಗೆತ್ತಿಕೊಳ್ಳುವ ರೂಢಿ. ತಿಂಗಳಿಗೊಮ್ಮೆ ತೆಗೆದು ಎಣ್ಣೆ ಹಚ್ಚಬೇಕಾದರೆ ನೆರೆಮನೆಯವನ ಕಣ್ಣು, ಕುಲಕರ್ಣಿಯ ಕಿವಿ, ಮನೆಯ ಮಕ್ಕಳ ಬಾಯಿ ಎಲ್ಲಕ್ಕೂ ಅಂಜಬೇಕು. ಈ ತಿಂಗಳು ಬೇಡ, ಮುಂದಿನ ತಿಂಗಳು ನೋಡೋಣ ಎನ್ನುತ್ತ ವರ್ಷ ಕಳೆಯಿತು, ಇಟ್ಟವನು ತೀರಿಕೊಂಡ, ಮಗನಿಗೆ ಜಾಗ ಮಾತ್ರ ಗೊತ್ತಿತ್ತು, ಮೊಮ್ಮಗನಿಗೆ ಅದೂ ಗೊತ್ತಾಗಲಿಲ್ಲ. ಸರ್ಕಾರ ಬಂದು ಕಸಿಯದಿದ್ದ ಆಯುಧವನ್ನು ಹೀಗೆ ಜಂಗು ಕಸಿದುಕೊಂಡಿತು. ಒಂದು ಕಾಸೂ ಖರ್ಚಿಲ್ಲದೆ, ಒಬ್ಬ ಸಿಪಾಯಿಯನ್ನೂ ಕಳಿಸದೆ ಸರ್ಕಾರದ ಕೆಲಸವಾಯಿತು. 1878ರಲ್ಲಿ ಲಿಟ್ಟನ್‌ನ ಆಯುಧ ಕಾಯಿದೆ ಬಂದು, ಯುರೋಪಿಯನ್ನರಿಗೆ ವಿನಾಯಿತಿ, ಈ ದೇಶದವನಿಗೆ ಲೈಸೆನ್ಸು ಎಂದು ಗೊತ್ತುಮಾಡಿದಾಗ ಅಡಗಿಸಿದವುಗಳಲ್ಲಿ ಲೈಸೆನ್ಸಿಗೆ ಯೋಗ್ಯವಾಗಿ ಉಳಿದದ್ದು ಎಷ್ಟೋ!

ಆದರೆ ಉಳಿದದ್ದೊಂದನ್ನು ನಾನು ಕಂಡಿದ್ದೇನೆ. ಬ್ಯಾಡಗಿಯಿಂದ ಕಾಗಿನೆಲೆಯ ಕಡೆಗೆ ಹೋಗುವ ಹಾದಿಯ ಒಂದು ಹಳ್ಳಿಯಲ್ಲಿ, ಹಳೆಯ ಕಾಗದಪತ್ರ ಹುಡುಕುತ್ತ ಒಂದು ಮನೆಗೆ ಹೋಗಿದ್ದೆ. ಕಾಗದಗಳನ್ನು ಗೆದ್ದಲು ತಿಂದಿತ್ತು. ಚಹಾ ಕುಡಿದು ಹೋಗೆಂದು ಮನೆಯ ಮುದುಕಿ ಒಲೆ ಹೊತ್ತಿಸಲು ಕೂತರು. ಊದುತ್ತಿದ್ದ ಕೊಳವೆ ಮೊಳದುದ್ದ, ಕಪ್ಪಗೆ, ಎಣ್ಣೆಗಟ್ಟಿ ಹೊಳೆಯುತ್ತಿತ್ತು. ಒಂದು ತುದಿ ಎಂಟು ಪಟ್ಟೆಯಾಗಿತ್ತು. ಊದುಗೊಳವೆಗೆ ಎಂಟು ಪಟ್ಟೆ ಯಾರು ಮಾಡಿಸುತ್ತಾರೆ? ನಾನು ಕೈಗೆ ತೆಗೆದುಕೊಂಡು ನೋಡಿದೆ. ಮಗ್ಗುಲಲ್ಲಿ ಕಿವಿಯ ತೂತು ಇದ್ದ ಜಾಗಕ್ಕೆ ಹಿತ್ತಾಳೆ ಬಡಿದು ಮುಚ್ಚಿದ್ದರು.

"ಅದು ಬಂದೂಕಿನ ನಳಿಗಿ ಅಂತ ತಮ್ಮಾ," ಎಂದರು ಮುದುಕಿ. "ನಮ್ಮತ್ತಿಯವರ ಅತ್ತಿ ಕಾಲದಾಗ ಕಂಬಾರ ಕೊಯ್ದು ಕೊಟ್ಟಾನಂತ. ಗಂಡಸರು ಮುಚ್ಚಿಟ್ಟಿದ್ರಂತ, ಹೆಂಗಸರು ಒಲಿಗೆ ತಂದ್ರು."

"ಜಂಗು ಹಿಡೀಲಿಲ್ಲೇನವ್ವಾ?"

"ದಿನಾ ಹಿಡಿಯೋದಕ್ಕ ಜಂಗು ಯಾಕ ಹಿಡೀತೈತಿ?" ಎಂದು ಮತ್ತೆ ಊದತೊಡಗಿದರು.

ಹಿಂಬದಿಯ ಬಿರಡೆ ತೆಗೆದುಹಾಕಿದ್ದರಿಂದ ಅದು ಆಯುಧವಾಗಿ ಉಳಿದಿರಲಿಲ್ಲ, ಕಾಯಿದೆಯ ಭಯವೂ ಇರಲಿಲ್ಲ. ಒಲೆಯ ಕಾವು, ಹೊಗೆಯ ಜಿಡ್ಡು, ದಿನಕ್ಕೆರಡು ಸಲ ಕೈಯ ಒರಸಾಟ. ವಸ್ತುಸಂಗ್ರಹಾಲಯದವರು ಇದಕ್ಕಿಂತ ಹೆಚ್ಚೇನು ಮಾಡಿಯಾರು ಎನಿಸಿತು.

ಇನ್ನು ಕೊಡಗಿನ ಮಾತು. ಹಲಗಲಿಯಲ್ಲಿ ಆಯುಧ ಒಪ್ಪಿಸದವರನ್ನು ಗಲ್ಲಿಗೇರಿಸಿ ನಾಲ್ಕು ವರ್ಷ ತುಂಬುವ ಮೊದಲೇ, 1861ರ ಫೆಬ್ರವರಿ 26ರಂದು, ಮೈಸೂರು ಮತ್ತು ಕೊಡಗಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಒಂದು ಪ್ರಕಟಣೆ ಹೊರಡಿಸಿದರು. ನಿಶ್ಶಸ್ತ್ರೀಕರಣದ ಕಾಯಿದೆ ಕೊಡಗಿನವರಿಗೆ ಅನ್ವಯಿಸುವುದಿಲ್ಲ. ಅವರ ನಿಷ್ಠೆ, ಶೌರ್ಯ ಮತ್ತು ಹಿಂದೆ ಸರ್ಕಾರಕ್ಕೆ ಮಾಡಿದ ಸಹಾಯವೇ ಇದಕ್ಕೆ ಕಾರಣ ಎಂದು ಅದರ ತಾತ್ಪರ್ಯ. ಕಬ್ಬನ್ ಅಧಿಕಾರದಲ್ಲಿದ್ದು ಮಾಡಿದ ಕಡೆಯ ಕೆಲಸಗಳಲ್ಲಿ ಇದೊಂದು. ಅದೇ ಏಪ್ರಿಲಿನಲ್ಲಿ ಇಂಗ್ಲೆಂಡಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಸಹಾಯವೆಂದರೆ ಮುಖ್ಯವಾಗಿ 1837ರ ಅಮರಸುಳ್ಯದ ದಂಗೆಯಲ್ಲಿ ಕೊಡಗಿನ ಪ್ರಮುಖರಲ್ಲಿ ಅನೇಕರು ಸರ್ಕಾರದ ಪಕ್ಷ ಹಿಡಿದದ್ದು. ಒಂದೇ ಆಯುಧ ಒಂದು ಕಡೆ ಗಲ್ಲಿಗೆ ಕಾರಣ, ಇನ್ನೊಂದು ಕಡೆ ಬಿರುದಿಗೆ ಗುರುತು. ಇದರಲ್ಲಿ ಕೊಡಗಿನವರ ತಪ್ಪೇನೂ ಇಲ್ಲ. ಅವರು ತಮ್ಮ ಮನೆಯದನ್ನು ಉಳಿಸಿಕೊಂಡರು, ಅಷ್ಟೆ. ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂಬ ಲೆಕ್ಕ ಇಂಗ್ಲಿಷರದು. ಹಲಗಲಿಯವರ ಶೌರ್ಯವೂ ಕಡಿಮೆಯದೇನಲ್ಲ.

ಆದರೆ ಆ ಒಂದು ಪ್ರಕಟಣೆಯಿಂದ ಕೊಡಗಿನ ಕೋವಿ ಗೋಡೆಯ ಮೇಲೆಯೇ ಉಳಿಯಿತು. ಗೋಡೆಯ ಮೇಲಿದ್ದುದರಿಂದ ಕೈಗೆ ಬರುತ್ತಿತ್ತು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು, ಕಣಿವೆಯಾಚೆಯ ನೆಂಟರಿಗೆ ಅದೇ ಸುದ್ದಿ. ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವಾಗ ಗುಂಡು. ಇವೆಲ್ಲಕ್ಕಿಂತ ಮುಖ್ಯವಾದದ್ದು ಕೈಲ್‌ಪೊಳ್ದ್, ನಾವು ಕೈಲುಮುಹೂರ್ತ ಎನ್ನುವ ಹಬ್ಬ. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುತ್ತದೆ. ಅಂದು ಮನೆಯ ಆಯುಧಗಳನ್ನೆಲ್ಲ ತೆಗೆದು, ತಿಕ್ಕಿ, ಕನ್ನಿಕೋಂಬರೆಯಲ್ಲಿಯೋ ನೆಲ್ಲಕ್ಕಿ ನಡುಬಾಡೆಯಲ್ಲಿಯೋ ಸಾಲಾಗಿಟ್ಟು, ನಾವು ಅಗ್ನಿಶಿಖೆ ಎನ್ನುವ ಹೂವನ್ನು ನಳಿಗೆಗೆ ಮುಡಿಸಿ ಪೂಜಿಸುತ್ತಾರೆ. ಕೊಡವ ಭಾಷೆಯಲ್ಲಿ ಆ ಹೂವಿನ ಹೆಸರೇ ತೋಕ್ ಪೂ, ಕೋವಿ-ಹೂ. ಆಮೇಲೆ ಬಯಲಿಗಿಳಿದು ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ.

ಈ ಹಬ್ಬ ಬೀಳುವ ಹೊತ್ತನ್ನು ಗಮನಿಸಬೇಕು. ಜೂನ್‌ನಿಂದ ಆಗಸ್ಟಿನವರೆಗೆ ಕೊಡಗಿನಲ್ಲಿ ಬಟ್ಟೆ ಒಣಗುವುದಿಲ್ಲ. ಗಂಡಸರೆಲ್ಲ ಗದ್ದೆಯ ಕೆಸರಿನಲ್ಲಿ. ಕೋವಿಯನ್ನು ಕೇಳುವವರಿಲ್ಲದ ಮೂರು ತಿಂಗಳು, ಜಂಗಿಗೆ ಸುಗ್ಗಿ. ಅದು ಆಳಕ್ಕಿಳಿಯುವ ಮೊದಲೇ, ಮಳೆ ಹಿಂದೆಗೆಯುವ ಹೊತ್ತಿಗೆ ಸರಿಯಾಗಿ, ದೇವರ ಹೆಸರಿನಲ್ಲಿ ಪ್ರತಿಯೊಂದು ಕೋವಿಯೂ ಬೆಳಕಿಗೆ ಬರಲೇಬೇಕು. ಸೋಮಾರಿಯೂ ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಮಹಾನವಮಿಯೂ ಮಳೆಗಾಲ ಕಳೆದ ಮೇಲೆಯೇ ಬರುತ್ತದೆ. ಪಂಚಾಂಗ ಮಾಡಿದವರು ಕಬ್ಬಿಣದ ಯೋಚನೆಯಿಂದ ಮಾಡಿದರೆಂದು ನಾನು ಹೇಳಲಾರೆ. ದಂಡಯಾತ್ರೆ ಹೊರಡುವ ಕಾಲ ಅದೆಂಬುದೇ ಹಿಂದಿನ ಕಾರಣ. ಯಾವ ಕಾರಣಕ್ಕಾದರೂ ಸರಿ, ಕಬ್ಬಿಣಕ್ಕೆ ಒಳ್ಳೆಯದಾಯಿತು. ಸ್ವಿಟ್ಜರ್ಲೆಂಡಿನಲ್ಲಿ ನಾಗರಿಕ ಸೈನಿಕರು ಸೈನ್ಯದ ರೈಫಲನ್ನು ಮನೆಯಲ್ಲಿಟ್ಟುಕೊಳ್ಳುವ ಪದ್ಧತಿಯಿದೆ. ಅವರು ಗೊತ್ತಾದ ಕಾಲಕ್ಕೆ ಅದನ್ನು ಒಯ್ದು ಗುರಿಯೆಸೆತದಲ್ಲಿ ಪಾಲ್ಗೊಳ್ಳಬೇಕಾಗುತ್ತದೆ. ಅಲ್ಲಿ ಸರ್ಕಾರದ ಕಟ್ಟಳೆ ಮಾಡುವ ಕೆಲಸವನ್ನು ಕೊಡಗಿನಲ್ಲಿ ಹಬ್ಬ ಮಾಡುತ್ತದೆ.

ಸ್ವತಂತ್ರ ಭಾರತದಲ್ಲಿಯೂ ಆ ವಿನಾಯಿತಿ ಉಳಿಯಿತು. 1959ರ ಆಯುಧ ಕಾಯಿದೆ ಜಾರಿಗೆ ಬಂದ ಮೇಲೆ 1963ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಕೊಟ್ಟಿತು. 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ನಮ್ಮ ಸೀಮೆಯ ಕಥೆ ಬೇರೆ ಹಾದಿ ಹಿಡಿಯಿತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರ ಜೊತೆ ದಾಂಡಿಗೆ ನಡೆದವರು. ಮರುವರ್ಷ ಕರಾಚಿಯ ಕಾಂಗ್ರೆಸ್ಸು ಪ್ರಜೆಯ ಮೂಲಭೂತ ಹಕ್ಕುಗಳ ಪಟ್ಟಿ ಮಾಡಿದಾಗ, ಕಟ್ಟಳೆಗೊಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಅದರಲ್ಲಿ ಸೇರಿಸಿತ್ತು. ಅಹಿಂಸೆಯ ಪಕ್ಷ ಇದನ್ನು ಕೇಳಿತೇ ಎಂದು ಇಂದಿನವರು ಬೆರಗಾಗಬಹುದು. ಕೇಳಿದ್ದು ಆಯುಧದ ಮೇಲಿನ ಮೋಹದಿಂದಲ್ಲ. ನಿಮ್ಮನ್ನು ನಂಬುವುದಿಲ್ಲವೆಂದು 1857ರಲ್ಲಿ ಹೇಳಿಸಿಕೊಂಡ ಅವಮಾನದಿಂದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣದ ಮೇಲೆ ಏರಿಹೋದಾಗ, ಪಹರೆಯ ಪೊಲೀಸರ ಗುಂಡಿಗೆ ಮಹಾದೇವಪ್ಪನವರೂ, ತಿರಕಪ್ಪ ಮಡಿವಾಳರೂ, ವೀರಯ್ಯ ಹಿರೇಮಠರೂ ಬಲಿಯಾದರು. ನಿಶ್ಶಸ್ತ್ರವಾದ ಸೀಮೆಯಲ್ಲಿ ಎಣ್ಣೆ ಕಂಡ ಬಂದೂಕು ಸರ್ಕಾರದ ಕೈಯಲ್ಲಿ ಮಾತ್ರ ಇತ್ತು.

ಈಗಿನ ಬೆಳೆ ರಕ್ಷಣೆಯ ಬಂದೂಕು ಈ ಹಳೆಯ ಮನೆಗಳ ಬಂದೂಕಿನ ಸಂತತಿಯಲ್ಲ. ನಡುವೆ ಎಳೆ ಕಡಿದುಹೋಗಿದೆ. ಕೊಂಡವನಿಗೆ ಅದನ್ನು ಇಡುವ ರೀತಿಯನ್ನು ಹೇಳಿಕೊಡುವ ಅಜ್ಜ ಇಲ್ಲ. ಅಂಗಡಿಯಿಂದ ಬಂದ ಚೀಲದಲ್ಲಿಯೇ ಇಟ್ಟು, ಹೊರಗೋಡೆಗೆ ಹತ್ತಿದ ಅಲಮಾರಿನಲ್ಲಿ ನಿಲ್ಲಿಸಿ, ಕೀಲಿ ಹಾಕಿ, ಕೆಲಸವಾಯಿತೆಂದುಕೊಳ್ಳುತ್ತಾನೆ. ಕೀಲಿ ಹಾಕುವುದು ಸರಿಯೇ. ಗುಂಡು ತೆಗೆದಿರಬೇಕು, ತೋಟಾಗಳು ಬೇರೆ ಪೆಟ್ಟಿಗೆಯಲ್ಲಿರಬೇಕು, ಮಕ್ಕಳ ಕೈಗೆ ಎಟುಕಬಾರದು. ಇವು ಜಂಗಿಗಿಂತ ದೊಡ್ಡ ಮಾತುಗಳು. ಆದರೆ ಆ ಚೀಲವನ್ನು ಮಾತ್ರ ತೆಗೆಯಬೇಕು. ಅಲಮಾರು ಒಳಗೋಡೆಯ ಪಕ್ಕದಲ್ಲಿದ್ದರೆ ಒಳ್ಳೆಯದು. ಎಣ್ಣೆ ತೆಳ್ಳಗಿರಲಿ, ನಳಿಗೆಯ ಬಾಯಿ ಕೆಳಮುಖವಾಗಿದ್ದರೆ ಮಿಕ್ಕ ಎಣ್ಣೆ ಇಳಿದು ದಸ್ತದ ಮರವನ್ನು ಮೆದುಗೊಳಿಸುವುದಿಲ್ಲ. ಔಷಧದ ಡಬ್ಬಿಗಳಲ್ಲಿ ಬರುವ ತೇವ ಹೀರುವ ಹರಳಿನ ಪೊಟ್ಟಣಗಳನ್ನು ಕೆಲವರು ಇಡುತ್ತಾರೆ. ಅವೂ ಒಮ್ಮೆ ಕುಡಿದು ತುಂಬಿದ ಮೇಲೆ ಬಿಸಿಮಾಡಿ ಒಣಗಿಸದಿದ್ದರೆ ನಿರುಪಯೋಗಿ.

ಚುನಾವಣೆ ಬಂತೆಂದರೆ ಇನ್ನೊಂದು ಪೇಚು. ಶಾಂತಿಪಾಲನೆಗಾಗಿ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವ ಆಜ್ಞೆ ಹೊರಡುತ್ತದೆ. ಉದ್ದೇಶ ಸರಿಯಾದದ್ದೇ, ಅದರ ಮೇಲೆ ನನ್ನ ತಕರಾರಿಲ್ಲ. ನನಗೆ ಪರಿಚಯದ ರೈತರೊಬ್ಬರು ಹೀಗೆ ಒಪ್ಪಿಸಿದ ಜೋಡುನಳಿಗೆಯನ್ನು, ಒಂದರ ಹಿಂದೆ ಒಂದು ಚುನಾವಣೆ ಬಂದುದರಿಂದ, ಬಹಳ ತಡವಾಗಿ ಬಿಡಿಸಿಕೊಂಡು ಬಂದರು. ಯಾವ ಠಾಣೆ ಎಂಬುದು ಇಲ್ಲಿ ಮುಖ್ಯವಲ್ಲ. ಹತ್ತಾರು ಬಂದೂಕುಗಳ ಜೊತೆ ಹಗ್ಗ ಕಟ್ಟಿ ಮೂಲೆಗೆ ನಿಲ್ಲಿಸಿದ್ದರಂತೆ. ಚೀಟಿ ಕಟ್ಟಿದ್ದ ಕಡೆ ದಾರದ ಗುರುತಿನ ಉದ್ದಕ್ಕೂ ಕೆಂಪು ಗೆರೆ, ಒಳಗೆ ಕೈಗೆ ಸಿಗುವ ಗುಳಿಗಳು. "ಕೊಟ್ಟಾಗ ನನ್ನದಿತ್ತರಿ, ಬಂದಾಗ ಯಾರದೋ ಆಗಿತ್ತು" ಎಂದರು. ಒಪ್ಪಿಸುವ ಮುನ್ನ ನಳಿಗೆಯೊಳಗೆ ಗಟ್ಟಿ ಗ್ರೀಸು ಸವರಿ, ಮೇಲೆ ಎಣ್ಣೆಕಾಗದ ಸುತ್ತಿ ಕೊಡಲು ಅನುಮತಿಯಿದ್ದರೆ ಯಾರಿಗೂ ನಷ್ಟವಿಲ್ಲ. ಠಾಣೆಯಲ್ಲಿಯೇ ತಿಂಗಳಿಗೊಂದು ದಿನ ಮಾಲಕರನ್ನು ಕರೆದು, ಅವರವರ ಬಂದೂಕನ್ನು ಅವರಿಂದಲೇ ಪೊಲೀಸರ ಎದುರಿಗೆ ಒರೆಸಿಸಿದರೂ ಆದೀತು.

ಮಹಾನವಮಿಯ ದಿನ ಬ್ಯಾಡಗಿಯ ಮನೆಗಳಲ್ಲಿ ತಕ್ಕಡಿ, ಪಂಪುಸೆಟ್ಟು, ಟ್ರ್ಯಾಕ್ಟರುಗಳ ಸಾಲಿನಲ್ಲಿ ಬಂದೂಕಿಗೂ ಪೂಜೆಯಾಗುತ್ತದೆ. ಒಂದು ಸಣ್ಣ ಸಂಗತಿ ಹೇಳಿ ಮುಗಿಸುತ್ತೇನೆ. ವಿಭೂತಿಯನ್ನೂ ಕುಂಕುಮವನ್ನೂ ನೀರಿನಲ್ಲಿ ಕಲಸಿ ನಳಿಗೆಗೆ ಹಚ್ಚುವುದು ರೂಢಿ. ಭಕ್ತಿಯಿಂದ ಅದನ್ನು ಒರೆಸದೆ ಹಾಗೆಯೇ ಅಲಮಾರಿಗೆ ಸೇರಿಸಿದರೆ, ದೀಪಾವಳಿಗೆ ತೆಗೆದು ನೋಡುವಾಗ ಕುಂಕುಮ ಉದುರಿ ಅದರ ಜಾಗದಲ್ಲಿ ಅದೇ ಬಣ್ಣದ, ಅದೇ ಆಕಾರದ ಜಂಗಿನ ಬೊಟ್ಟು ಕೂತಿರುತ್ತದೆ. ಮರುದಿನ ಬೆಳಿಗ್ಗೆ ಒದ್ದೆ ಅರಿವೆಯಿಂದ ತೆಗೆದು, ಒಣಗಿಸಿ, ಎಣ್ಣೆಯ ಕೈಯಾಡಿಸಿ ಇಡಬೇಕು. ಅಥವಾ ಕುಂಕುಮವನ್ನು ದಸ್ತದ ಮರಕ್ಕೆ ಹಚ್ಚಿದರೂ ಪೂಜೆ ಸಲ್ಲುತ್ತದೆ.